ಜಯನಗರದ ಗ್ರಂಥಾಲಯ, ಬೀದರಿನ ಓದುಗ

ಜಯನಗರದ ನಾಲ್ಕನೇ ‘ಟಿ’ ಬ್ಲಾಕ್‌ನಲ್ಲಿರುವ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ಒಂದು ವಿಶೇಷವಿದೆ. ಅದರ ಓದುಗರಲ್ಲಿ ಬಹುಪಾಲು ಮಂದಿ ಜಯನಗರಕ್ಕೆ ಬರುವುದೇ ಇಲ್ಲ. ಅವರು ಬೀದರಿನಲ್ಲಿದ್ದಾರೆ, ಕಾರವಾರದಲ್ಲಿದ್ದಾರೆ, ಶಿವಮೊಗ್ಗದ ವಾರ್ಡಿನಲ್ಲಿ ರಾತ್ರಿ ಪಾಳಿ ಮುಗಿಸಿ ಹಾಸ್ಟೆಲಿನ ಕಂಪ್ಯೂಟರ್ ಮುಂದೆ ಕೂತಿದ್ದಾರೆ. ರಾಜ್ಯದ ಸಾವಿರಕ್ಕೂ ಹೆಚ್ಚು ವೈದ್ಯಕೀಯ, ದಂತವೈದ್ಯ, ನರ್ಸಿಂಗ್, ಫಾರ್ಮಸಿ, ಆಯುರ್ವೇದ, ಹೋಮಿಯೋಪಥಿ ಕಾಲೇಜುಗಳು ಈ ಒಂದು ವಿಶ್ವವಿದ್ಯಾಲಯಕ್ಕೆ ಸೇರಿವೆ. ಇಷ್ಟು ಜನಕ್ಕೆ ಒಂದೇ ಗ್ರಂಥಾಲಯ ಹೇಗೆ ಒದಗುತ್ತದೆ ಎನ್ನುವುದೇ ಇದರ ಚರಿತ್ರೆ.

ವಿಶ್ವವಿದ್ಯಾಲಯ ಶುರುವಾದದ್ದು 1996ರ ಜೂನ್ 1ರಂದು, 1994ರ ಕಾಯ್ದೆಯ ಅಡಿಯಲ್ಲಿ. ಅದಕ್ಕೆ ಮುಂಚೆ ವೈದ್ಯಕೀಯ ಕಾಲೇಜುಗಳು ಮೈಸೂರು, ಬೆಂಗಳೂರು, ಕರ್ನಾಟಕ ಹೀಗೆ ಆಯಾ ಪ್ರದೇಶದ ವಿಶ್ವವಿದ್ಯಾಲಯಗಳ ಕೈಕೆಳಗಿದ್ದವು. ಗ್ರಂಥಾಲಯ ಆಯಾ ಕಾಲೇಜಿನ ಹೊಣೆ. 1924ರಲ್ಲಿ ಬೆಂಗಳೂರಿನಲ್ಲಿ ಆರಂಭವಾಗಿ 1930ರಲ್ಲಿ ಮೈಸೂರಿಗೆ ಹೋದ ಮೈಸೂರು ವೈದ್ಯಕೀಯ ಕಾಲೇಜಿನಂಥ ಹಳೆಯ ಸಂಸ್ಥೆಗೆ ದಶಕಗಳ ಸಂಗ್ರಹವಿತ್ತು. ಹೊಸದಾಗಿ ತಲೆಯೆತ್ತಿದ ಕಾಲೇಜಿನ ಕಪಾಟಿನಲ್ಲಿ ಪಠ್ಯಪುಸ್ತಕಗಳ ಆಚೆಗೆ ಹೆಚ್ಚೇನೂ ಇರುತ್ತಿರಲಿಲ್ಲ. ವೈದ್ಯಶಾಸ್ತ್ರದಲ್ಲಿ ಪಠ್ಯಪುಸ್ತಕ ಅಚ್ಚಾಗುವಷ್ಟರಲ್ಲಿ ಹಳತಾಗಿರುತ್ತದೆ. ಹೊಸದೆಲ್ಲ ಬರುವುದು ಜರ್ನಲ್‌ಗಳಲ್ಲಿ. ಆ ಜರ್ನಲ್‌ಗಳು ಹಡಗಿನ ಅಂಚೆಯಲ್ಲಿ ತಿಂಗಳುಗಟ್ಟಲೆ ತಡವಾಗಿ ಬರುತ್ತಿದ್ದವು. ವರ್ಷ ಮುಗಿದ ಮೇಲೆ ಬೈಂಡಿಂಗ್‌ಗೆ ಹೋಗಿ, ಬೆನ್ನಿನ ಮೇಲೆ ಇಸವಿ ಬರೆಸಿಕೊಂಡು ಗಾಜಿನ ಬೀರು ಸೇರುತ್ತಿದ್ದವು.

ಚಂದಾ ಕಟ್ಟಬೇಕಾದದ್ದು ಡಾಲರಿನಲ್ಲಿ, ಪೌಂಡಿನಲ್ಲಿ. 1991ರ ಜುಲೈ ಮೊದಲ ವಾರದಲ್ಲಿ ಸರ್ಕಾರ ಎರಡು ಹಂತಗಳಲ್ಲಿ ರೂಪಾಯಿಯ ಬೆಲೆ ಇಳಿಸಿತು. ಸುಮಾರು 21 ರೂಪಾಯಿ ಇದ್ದ ಡಾಲರು 26ರ ಹತ್ತಿರ ಹೋಯಿತು. ನೂರು ಡಾಲರಿನ ಜರ್ನಲ್‌ಗೆ 2,100 ರೂಪಾಯಿ ಕಟ್ಟುತ್ತಿದ್ದ ಕಾಲೇಜು ಅದೇ ಪುಟಗಳಿಗೆ 2,600 ಕಟ್ಟಬೇಕಾಯಿತು. ಬಜೆಟ್ಟು ಅಷ್ಟೇ ಇದ್ದಾಗ ಲೈಬ್ರರಿಯನ್ ಮಾಡಬಹುದಾದದ್ದು ಒಂದೇ: ಪಟ್ಟಿಯಿಂದ ಕೆಲವು ಹೆಸರು ಹೊಡೆದುಹಾಕುವುದು. ಹಾಗೆ ಚಂದಾ ನಿಂತ ಜರ್ನಲ್‌ನ ಸಾಲಿನಲ್ಲಿ ಬಿದ್ದ ತೆರಪು ಮತ್ತೆ ತುಂಬುವುದು ಅಪರೂಪ.

ಜರ್ನಲ್ ಕಪಾಟಿನಲ್ಲಿದ್ದರೂ ಬೇಕಾದ ಲೇಖನ ಹುಡುಕುವುದು ಬೇರೆಯೇ ಕಷ್ಟ. ಅಮೆರಿಕದ ಸೇನಾ ವೈದ್ಯ ಜಾನ್ ಶಾ ಬಿಲ್ಲಿಂಗ್ಸ್ 1879ರಲ್ಲಿ ‘ಇಂಡೆಕ್ಸ್ ಮೆಡಿಕಸ್’ ಎಂಬ ಮಾಸಿಕ ಸೂಚಿ ಹೊರತಂದದ್ದು ಇದಕ್ಕಾಗಿಯೇ: ಜಗತ್ತಿನ ವೈದ್ಯಕೀಯ ಬರಹಗಳನ್ನು ವಿಷಯವಾರು ಜೋಡಿಸಿ ಕೊಡುವ ಪಟ್ಟಿ. 1964ರಲ್ಲಿ ಅದರ ಕೆಲಸ ಕಂಪ್ಯೂಟರಿಗೆ ಬಂತು. 1997ರ ಜೂನ್‌ನಲ್ಲಿ ‘ಪಬ್‌ಮೆಡ್’ ಎಂಬ ಹೆಸರಿನಲ್ಲಿ ಅಂತರ್ಜಾಲದಲ್ಲಿ ಎಲ್ಲರಿಗೂ ಉಚಿತವಾಯಿತು.

ಈ ಸೂಚಿಯ ಜೀವಾಳ ಅದರ ವಿಷಯಶೀರ್ಷಿಕೆಗಳು. ನಮ್ಮದೇ ನೆಲದ ಉದಾಹರಣೆ ನೋಡಿ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು, ಸುತ್ತಲ ಹಳ್ಳಿಯವರು ಜ್ವರದಿಂದ ಮಲಗಿದರು. ಮಂಗ ಸತ್ತದ್ದರಿಂದ ಮೊದಲು ಬಂದ ಅನುಮಾನ ಹಳದಿ ಜ್ವರದ್ದು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ನೋಡಿದಾಗ ಅದು ಉಣುಗಿನಿಂದ ಹರಡುವ ಹೊಸದೇ ವೈರಸ್ ಎಂದು ತಿಳಿಯಿತು. ಅದೇ ವರ್ಷ ‘ಇಂಡಿಯನ್ ಜರ್ನಲ್ ಆಫ್ ಮೆಡಿಕಲ್ ಸೈನ್ಸಸ್’ನಲ್ಲಿ ವರದಿ ಪ್ರಕಟವಾಯಿತು. ಇದರ ಮೇಲೆ ಬರೆಯುವವರಲ್ಲಿ ಒಬ್ಬರು ಮಂಗನ ಕಾಯಿಲೆ ಎನ್ನಬಹುದು, ಇನ್ನೊಬ್ಬರು ಕೆ.ಎಫ್.ಡಿ. ಎನ್ನಬಹುದು, ಮತ್ತೊಬ್ಬರು ಶೀರ್ಷಿಕೆಯಲ್ಲಿ ಬರೀ ಉಣುಗಿನ ಹೆಸರು ಬರೆದು ಸುಮ್ಮನಾಗಬಹುದು. ಸೂಚಿಯಲ್ಲಿ ಇವೆಲ್ಲ ‘ಕ್ಯಾಸನೂರು ಕಾಡಿನ ಕಾಯಿಲೆ’ ಎಂಬ ಒಂದೇ ಶೀರ್ಷಿಕೆಯ ಕೆಳಗೆ ಬರುತ್ತವೆ. ಆ ಶೀರ್ಷಿಕೆ ವೈರಸ್ ರಕ್ತಸ್ರಾವ ಜ್ವರಗಳ ಗುಂಪಿನಲ್ಲೂ ಉಣುಗಿನಿಂದ ಬರುವ ರೋಗಗಳ ಗುಂಪಿನಲ್ಲೂ ಇರುವುದರಿಂದ ಯಾವ ದಾರಿಯಲ್ಲಿ ಬಂದರೂ ಓದುಗನಿಗೆ ಸಿಗುತ್ತದೆ. ಮಲೆನಾಡಿನ ಒಂದು ಸಣ್ಣ ಊರಿನ ಹೆಸರು ಜಗತ್ತಿನ ವೈದ್ಯಕೀಯ ಗ್ರಂಥಾಲಯಗಳಿಗೆಲ್ಲ ಪರಿಚಯವಾದದ್ದು ಹೀಗೆ.

ಬರಹಗಳನ್ನು ವಿಷಯವಾರು ಜೋಡಿಸಲು ಇನ್ನೊಂದು ದಾರಿ ತೋರಿದ ಎಸ್.ಆರ್. ರಂಗನಾಥನ್ ಇದೇ 1957ರಲ್ಲಿ ಬೆಂಗಳೂರಿಗೆ ಬಂದು ನೆಲೆಸಿದರು. ಗಣಿತದ ಮೇಷ್ಟರಾಗಿದ್ದವರು 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲಕರಾಗಿ, ಗ್ರಂಥಾಲಯದ ಕೆಲಸವನ್ನು ವಿಜ್ಞಾನವಾಗಿಸಿದವರು. 1962ರಲ್ಲಿ ಇಲ್ಲಿ ಡಾಕ್ಯುಮೆಂಟೇಷನ್ ರಿಸರ್ಚ್ ಅಂಡ್ ಟ್ರೈನಿಂಗ್ ಸೆಂಟರ್ ಕಟ್ಟಿದರು, 1972ರಲ್ಲಿ ಇಲ್ಲೇ ತೀರಿಕೊಂಡರು. ಒಂದು ವಿಷಯವನ್ನು ಒಂದೇ ಡಬ್ಬಿಗೆ ತುಂಬಬಾರದು, ಅದರ ಮುಖಗಳನ್ನು ಬಿಡಿಸಿ ಮತ್ತೆ ಪೋಣಿಸಬೇಕು ಎನ್ನುವುದು ಅವರ ವಿಚಾರ. ಶ್ವಾಸಕೋಶ, ಕ್ಷಯ, ಚಿಕಿತ್ಸೆ, ಎಕ್ಸ್‌ರೇ, ಭಾರತ, 1950: ಇವಿಷ್ಟಕ್ಕೂ ಒಂದೊಂದು ಗುರುತು ಕೊಟ್ಟು ಸಾಲಾಗಿಟ್ಟರೆ ಪುಸ್ತಕದ ಬೆನ್ನಿನ ಸಂಖ್ಯೆಯೇ ಅದರ ತಿರುಳನ್ನು ಹೇಳುತ್ತದೆ. ಓದುಗನ ಸಮಯ ಉಳಿಸು ಎನ್ನುವುದು ಅವರ ಪಂಚಸೂತ್ರಗಳಲ್ಲಿ ನಾಲ್ಕನೆಯದು. ರೋಗಿ ಮುಂದೆ ಮಲಗಿರುವಾಗ ಓದಬೇಕಾದವರಿಗೆ ಇದಕ್ಕಿಂತ ದೊಡ್ಡ ಸೂತ್ರ ಬೇರೆ ಯಾವುದಿದೆ?

ಪಬ್‌ಮೆಡ್ ಬಂದ ಮೇಲೆ ಕಷ್ಟ ಇನ್ನೊಂದು ರೂಪ ತಾಳಿತು. ಲೇಖನ ಇದೆಯೆಂದು ತಿಳಿಯುತ್ತದೆ, ಸಾರಾಂಶ ಕಾಣುತ್ತದೆ, ಪೂರ್ತಿ ಓದಬೇಕೆಂದರೆ ಪ್ರಕಾಶಕರಿಗೆ ದುಡ್ಡು ಕೊಡಬೇಕು. 2002ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಬಡ ದೇಶಗಳಿಗೆ ಜರ್ನಲ್‌ಗಳನ್ನು ಉಚಿತವಾಗಿ ಕೊಡಿಸುವ ‘ಹಿನಾರಿ’ ಯೋಜನೆ ಆರಂಭಿಸಿದಾಗ ಭಾರತ ಆ ಪಟ್ಟಿಯಲ್ಲಿರಲಿಲ್ಲ. ನಮ್ಮ ದಾರಿ ನಾವೇ ನೋಡಿಕೊಳ್ಳಬೇಕಿತ್ತು.

ಜಯನಗರದ ವಿಶ್ವವಿದ್ಯಾಲಯ 2003ರಲ್ಲಿ ಆ ದಾರಿ ಹಿಡಿಯಿತು. ಹೆಸರು ‘ಹೆಲಿನೆಟ್’. ಕಾಲೇಜುಗಳು ಒಟ್ಟಾಗಿ ಜರ್ನಲ್ ತರಿಸುವ ಒಕ್ಕೂಟಗಳಲ್ಲಿ, ಆರೋಗ್ಯ ವಿಜ್ಞಾನದ ಮಟ್ಟಿಗೆ, ದೇಶದಲ್ಲಿ ಇದೇ ಮೊದಲನೆಯದು. ಕಾಲೇಜುಗಳು ಬಿಡಿಬಿಡಿಯಾಗಿ ಪ್ರಕಾಶಕರ ಹತ್ತಿರ ಹೋಗುವ ಬದಲು ಎಲ್ಲರ ಪರವಾಗಿ ವಿಶ್ವವಿದ್ಯಾಲಯವೇ ಚೌಕಾಸಿ ಮಾಡಿತು, ಖರ್ಚನ್ನು ಕಾಲೇಜುಗಳು ಹಂಚಿಕೊಂಡವು. ಕಾಲೇಜಿನ ಕಂಪ್ಯೂಟರಿನ ವಿಳಾಸ ಗುರುತಿಸಿ ಪ್ರಕಾಶಕರ ತಾಣ ಬಾಗಿಲು ತೆರೆಯುತ್ತದೆ. ಒಂದೇ ಜರ್ನಲ್‌ನ ಒಂದೇ ಸಂಚಿಕೆಯನ್ನು ಹತ್ತಾರು ಕಾಲೇಜುಗಳು ಬೇರೆಬೇರೆಯಾಗಿ ತರಿಸುವ ದುಂದು ಇದರಿಂದ ತಪ್ಪಿತು. ಅದಕ್ಕಿಂತ ಮುಖ್ಯವಾಗಿ, ನಿನ್ನೆ ಮೊನ್ನೆ ಶುರುವಾದ ಕಾಲೇಜಿನ ವಿದ್ಯಾರ್ಥಿಗೂ ಎಂಬತ್ತು ವರ್ಷದ ಕಾಲೇಜಿನ ವಿದ್ಯಾರ್ಥಿಗೂ ಒಂದೇ ಪುಟ ಸಿಕ್ಕಿತು. ಕರ್ನಾಟಕದ ವೈದ್ಯಕೀಯ ಶಿಕ್ಷಣದಲ್ಲಿ ಇಷ್ಟು ಸದ್ದಿಲ್ಲದೆ ಆದ ಸಮಾನತೆ ನನಗೆ ಇನ್ನೊಂದು ಕಾಣುವುದಿಲ್ಲ. ಅಚ್ಚಿನ ಕಾಲವೂ ಮುಗಿಯುತ್ತ ಬಂದಿತ್ತು: ಮರುವರ್ಷ, 2004ರ ಕೊನೆಗೆ, ಇಂಡೆಕ್ಸ್ ಮೆಡಿಕಸ್‌ನ ಅಚ್ಚು ನಿಂತಿತು.

2025ರ ಜನವರಿಯಿಂದ ಕೇಂದ್ರ ಸರ್ಕಾರದ ‘ಒಂದು ರಾಷ್ಟ್ರ ಒಂದು ಚಂದಾ’ ಯೋಜನೆ ಜಾರಿಯಲ್ಲಿದೆ: ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ, 30 ಪ್ರಕಾಶಕರು, ಸುಮಾರು 13,000 ಜರ್ನಲ್‌ಗಳು. ಒಳ್ಳೆಯದೇ. ಆದರೆ ಇದು ಸರ್ಕಾರಿ ಸಂಸ್ಥೆಗಳಿಗೆ. ನಮ್ಮ ನರ್ಸಿಂಗ್, ಫಾರ್ಮಸಿ, ದಂತವೈದ್ಯ ಕಾಲೇಜುಗಳಲ್ಲಿ ಹೆಚ್ಚಿನವು ಖಾಸಗಿ. ಹಾಗಾಗಿ ಹೆಲಿನೆಟ್‌ನಂಥ ವ್ಯವಸ್ಥೆಯ ಕೆಲಸ ಮುಗಿದಿಲ್ಲ.

ಇಷ್ಟಾದರೂ ಈ ಜರ್ನಲ್‌ಗಳು ನಮ್ಮವಲ್ಲ, ಬಾಡಿಗೆಯವು. ಹಿಂದಿನ ಕಾಲದಲ್ಲಿ ಚಂದಾ ನಿಂತರೂ ಬೈಂಡ್ ಮಾಡಿಸಿದ ಸಂಪುಟಗಳು ಬೀರುವಿನಲ್ಲಿ ಉಳಿಯುತ್ತಿದ್ದವು. ಈಗ ಒಪ್ಪಂದದಲ್ಲಿ ಬರೆಸಿಕೊಳ್ಳದಿದ್ದರೆ ಚಂದಾ ನಿಂತ ದಿನ ಹಳೆಯ ವರ್ಷಗಳ ಬಾಗಿಲೂ ಮುಚ್ಚಬಹುದು. ವಿಶ್ವವಿದ್ಯಾಲಯಕ್ಕೆ ನಿಜವಾಗಿ ಸ್ವಂತದ್ದು ಬೇರೆಯೇ ಇದೆ: ಪಿ.ಜಿ. ವಿದ್ಯಾರ್ಥಿಗಳ ಡಿಸರ್ಟೇಷನ್‌ಗಳು. ಎಂ.ಡಿ., ಎಂ.ಎಸ್. ಸೇರಿದ ಪ್ರತಿಯೊಬ್ಬರೂ ಮೊದಲು ಸಿನಾಪ್ಸಿಸ್ ಒಪ್ಪಿಸಿ, ಗೈಡ್ ಒಬ್ಬರ ಕೈಕೆಳಗೆ ರೋಗಿಗಳ ವಿವರ ಕಲೆಹಾಕಿ, ಅಂತಿಮ ಪರೀಕ್ಷೆಗೆ ಮುಂಚೆ ಪ್ರಬಂಧ ಸಲ್ಲಿಸಬೇಕು. ಇವನ್ನು ವಿಶ್ವವಿದ್ಯಾಲಯ ಡಿಜಿಟಲ್ ರೂಪದಲ್ಲಿ ಸಂಗ್ರಹಿಸುತ್ತ ಬಂದಿದೆ. ಎಲ್ಲವೂ ಮೇಲ್ಮಟ್ಟದ ಸಂಶೋಧನೆಯಲ್ಲ. ಪರೀಕ್ಷೆಗೆಂದೇ ಬರೆದವೂ ಇವೆ. ಆದರೆ ಅವುಗಳ ಹಿಂಬದಿಯಲ್ಲಿರುವ ಮಾಸ್ಟರ್ ಚಾರ್ಟ್, ಅಂದರೆ ಒಬ್ಬೊಬ್ಬ ರೋಗಿಗೂ ಒಂದೊಂದು ಸಾಲು ಕೊಟ್ಟು ವಯಸ್ಸು, ಲಕ್ಷಣ, ಪರೀಕ್ಷೆಯ ಫಲಿತಾಂಶ ಬರೆದಿಟ್ಟ ಕೋಷ್ಟಕ, ಯಾವ ವಿದೇಶಿ ಜರ್ನಲ್‌ನಲ್ಲೂ ಸಿಗುವಂಥದ್ದಲ್ಲ. ನಮ್ಮ ಜಿಲ್ಲಾಸ್ಪತ್ರೆಗಳಿಗೆ ಬಂದ ಹಾವು ಕಡಿತ, ಕೀಟನಾಶಕ ಸೇವನೆ, ಬಾಣಂತಿಯರ ರಕ್ತಹೀನತೆ ಅಲ್ಲಿ ಸಾಲುಸಾಲಾಗಿ ಕೂತಿವೆ.

1996ಕ್ಕೆ ಮುಂಚಿನ ಡಿಸರ್ಟೇಷನ್‌ಗಳು ಹಳೆಯ ವಿಶ್ವವಿದ್ಯಾಲಯಗಳಿಗೆ ಸಲ್ಲಿಕೆಯಾದವು, ಟೈಪ್ ಮಾಡಿದ ಕಾಗದದಲ್ಲಿ. ಅವನ್ನು ಹುಡುಕಿ ಸ್ಕ್ಯಾನ್ ಮಾಡಿಸಿ ಒಂದೆಡೆ ತರುವ ಕೆಲಸ ಮೊದಲು ಆಗಬೇಕು. ಆಮೇಲೆ ಹಳೆಯದು ಹೊಸದು ಎರಡಕ್ಕೂ ಪಬ್‌ಮೆಡ್ ಬಳಸುವ ಅದೇ ಶೀರ್ಷಿಕೆಗಳನ್ನು ಕೊಟ್ಟು, ರಂಗನಾಥನ್ ಹೇಳಿದಂತೆ ಅವುಗಳ ಜೊತೆಗೆ ಸ್ಥಳ, ಕಾಲ ಸೇರಿಸಬೇಕು. ಆಗ ಹಾವೇರಿಯ ವೈದ್ಯರೊಬ್ಬರು ಹಾವು ಕಡಿತ, ಮೂತ್ರಪಿಂಡ, ಹಾವೇರಿ, ಮಳೆಗಾಲ ಎಂದು ಕೇಳಿದರೆ, ತಮ್ಮದೇ ಆಸ್ಪತ್ರೆಗೆ ಇಪ್ಪತ್ತು ವರ್ಷದ ಹಿಂದೆ ಬಂದ ರೋಗಿಗಳ ಪಟ್ಟಿ ಸಿಗಬೇಕು.