ದ್ರೋಣಿಯ ಎರಡು ಬದಿ

ಅಭ್ಯಂಗದ ಕೋಣೆಯಲ್ಲಿ ಮಾತು ಕಡಿಮೆ. ಮರದ ದ್ರೋಣಿಯ ಮೇಲೆ ಒಬ್ಬರು ಮಲಗಿರುತ್ತಾರೆ, ಎಡಕ್ಕೊಬ್ಬರು ಬಲಕ್ಕೊಬ್ಬರು ಥೆರಪಿಸ್ಟ್ ನಿಂತಿರುತ್ತಾರೆ. ಕೇರಳದ ಪದ್ಧತಿಯಲ್ಲಿ ಈ ಇಬ್ಬರ ಕೈಗಳು ಭುಜದಿಂದ ಹೊರಟು ಬೆರಳ ತುದಿಗೆ ಒಟ್ಟಿಗೇ ತಲುಪಬೇಕು. ಒತ್ತು ಒಂದೇ, ವೇಗವೂ ಒಂದೇ. ಬೆಳಗ್ಗೆ ಆ ಇಬ್ಬರು ರಜೆಯ ವಿಷಯಕ್ಕೆ ಮುಖ ತಿರುಗಿಸಿಕೊಂಡಿದ್ದರೆ ಅದು ಮಾಲೀಕರಿಗಿಂತ ಮೊದಲು ಮಲಗಿದವರ ಬೆನ್ನಿಗೆ ಗೊತ್ತಾಗುತ್ತದೆ. ಒಂದು ಬದಿಯ ಕೈ ಮುಂದೋಡಿದರೆ ಇನ್ನೊಂದು ಬದಿಯದು ಹಿಂದೆ ಬೀಳುತ್ತದೆ. ಎದ್ದು ಹೊರಬಂದವರು 'ಪರವಾಗಿಲ್ಲ, ಚೆನ್ನಾಗಿತ್ತು' ಎಂದು ದುಡ್ಡು ಕೊಟ್ಟು ಹೋಗುತ್ತಾರೆ. ಮತ್ತೆ ಬರುವುದಿಲ್ಲ.

ಬೆಂಗಳೂರು, ಮೈಸೂರು, ಮಂಗಳೂರಿನ ಬಡಾವಣೆಗಳಲ್ಲಿ ಬಾಡಿಗೆ ಮನೆಯೊಂದನ್ನೇ ಪಂಚಕರ್ಮ ಕೇಂದ್ರ ಮಾಡಿಕೊಂಡವರು ಬಹಳ ಮಂದಿ. ಒಬ್ಬ ಡಾಕ್ಟರ್, ನಾಲ್ಕೈದು ಥೆರಪಿಸ್ಟರು, ಫೋನ್ ಎತ್ತುವುದಕ್ಕೆ ಒಬ್ಬರು, ಟವೆಲ್ ಒಗೆದು ನೆಲ ಒರೆಸುವುದಕ್ಕೆ ಒಬ್ಬರು. ದೊಡ್ಡ ಕಂಪನಿಯಲ್ಲಿ ಆಗದವರಿಬ್ಬರು ಬೇರೆ ಬೇರೆ ಮಹಡಿಯಲ್ಲಿ ಕೂರಬಹುದು. ಇಲ್ಲಿ ಎಣ್ಣೆ ಕಾಯಿಸುವ ಒಲೆಯೂ ಒಂದೇ, ಮಧ್ಯಾಹ್ನ ಬುತ್ತಿ ಬಿಚ್ಚುವ ಜಾಗವೂ ಒಂದೇ.

ಪಿಳಿಚ್ಚಿಲ್‌ನಲ್ಲಂತೂ ಈ ಅವಲಂಬನೆ ಕಣ್ಣಿಗೇ ಕಾಣುತ್ತದೆ. ಬೆಚ್ಚಗಿನ ತೈಲದಲ್ಲಿ ಬಟ್ಟೆ ಅದ್ದಿ, ಮೈಮೇಲೆ ಹಿಂಡುತ್ತಾ ಉಜ್ಜುವ ಚಿಕಿತ್ಸೆ ಅದು. ಹಿಂಡುವವರು ಎರಡೂ ಬದಿಯಲ್ಲಿದ್ದರೆ, ತಣ್ಣಗಾದ ತೈಲವನ್ನು ಮತ್ತೆ ಬಿಸಿ ಮಾಡಿ ತಂದುಕೊಡುವುದಕ್ಕೆ ಇನ್ನೊಬ್ಬರು ಬೇಕು. ಅವರು ಸಿಟ್ಟಿನಲ್ಲಿ ಎರಡು ನಿಮಿಷ ತಡ ಮಾಡಿದರೂ ಸಾಕು, ಮೈಮೇಲೆ ಬೀಳುವ ಎಣ್ಣೆ ತಣ್ಣಗಾಗಿರುತ್ತದೆ.

ಆಯುರ್ವೇದಕ್ಕೆ ಇದು ಹೊಸ ವಿಚಾರವಲ್ಲ. ಚರಕಸಂಹಿತೆಯ ಸೂತ್ರಸ್ಥಾನದ 9ನೇ ಅಧ್ಯಾಯ ಚಿಕಿತ್ಸೆಗೆ ನಾಲ್ಕು ಪಾದಗಳನ್ನು ಹೇಳುತ್ತದೆ: ವೈದ್ಯ, ಔಷಧ, ಉಪಚಾರಕ, ರೋಗಿ. ಒಂದೊಂದಕ್ಕೂ ನಾಲ್ಕು ಗುಣ, ಒಟ್ಟು 16. ಉಪಚಾರಕನಿಗೆ ಉಪಚಾರದ ತಿಳಿವಳಿಕೆ, ಕೈಚಳಕ, ಸೇವೆ ಪಡೆಯುವವರ ಮೇಲೆ ಅಕ್ಕರೆ, ಶುಚಿತ್ವ ಇರಬೇಕಂತೆ. ಇದೇ ಅಧ್ಯಾಯದಲ್ಲಿ ವೈದ್ಯನೇ ಪ್ರಧಾನ, ಅಡುಗೆಯವನಿಗೆ ಪಾತ್ರೆ, ಸೌದೆ, ಬೆಂಕಿ ಇದ್ದ ಹಾಗೆ ಅವನಿಗೆ ಉಳಿದ ಮೂರು ಎಂಬ ಹೋಲಿಕೆಯೂ ಬರುತ್ತದೆ. ಕೇಂದ್ರದ ಮಾಲೀಕರಾದ ವೈದ್ಯರಿಗೆ ಸಾಮಾನ್ಯವಾಗಿ ಈ ಹೋಲಿಕೆಯೇ ಚೆನ್ನಾಗಿ ನೆನಪಿರುತ್ತದೆ. ಆದರೆ ಪಾತ್ರೆ ಸೌದೆಗಳು ಮುನಿಸಿಕೊಳ್ಳುವುದಿಲ್ಲ, ಪಕ್ಕದ ಬೀದಿಯ ಸ್ಪಾಗೆ ಹೆಚ್ಚು ಸಂಬಳಕ್ಕೆ ಹೋಗುವುದೂ ಇಲ್ಲ.

ಜಗಳ ಹುಟ್ಟುವ ಜಾಗಗಳು ತೀರ ಸಣ್ಣವು. ಅಭ್ಯಂಗ ಮುಗಿದ ಮೇಲೆ ಎಣ್ಣೆ ಜಾರುವ ನೆಲವನ್ನು ಒರೆಸುವವರು ಯಾರು? ಭಾರೀ ಮೈಕಟ್ಟಿನವರು ಬಂದಾಗಲೆಲ್ಲ ಒಬ್ಬರನ್ನೇ ಯಾಕೆ ಕರೆಯುತ್ತಾರೆ? ದಿನವಿಡೀ ತಿಕ್ಕಿದ ಹೆಬ್ಬೆರಳು, ಮಣಿಕಟ್ಟು ಸಂಜೆಗೆ ನೋಯುತ್ತವೆ. ಹೀಗಿರುವಾಗ ರಿಸೆಪ್ಷನ್‌ನಲ್ಲಿ ಕೂತವರು 11 ಗಂಟೆಗೊಂದು, 12ಕ್ಕೆ ಇನ್ನೊಂದು ಬುಕಿಂಗ್ ಒತ್ತಿ ಹಾಕುತ್ತಾರೆ. ದ್ರೋಣಿ ತೊಳೆಯುವುದಕ್ಕೆ, ಒಂದು ಲೋಟ ನೀರು ಕುಡಿಯುವುದಕ್ಕೆ ನಡುವೆ ಕಾಲು ಗಂಟೆಯೂ ಉಳಿಯುವುದಿಲ್ಲ. 'ಅವಳ ಸೊಕ್ಕು', 'ಇವಳ ಸೋಮಾರಿತನ' ಎಂದು ಮಾಲೀಕರ ಕಿವಿಗೆ ಬೀಳುವ ದೂರುಗಳಲ್ಲಿ ಎಷ್ಟೋ ಸಲ ಸ್ವಭಾವದ ದೋಷವೇ ಇರುವುದಿಲ್ಲ, ಬುಕಿಂಗ್ ಪುಸ್ತಕದ ದೋಷ ಇರುತ್ತದೆ. ಬಾಗಿಲು ತೆರೆಯುವ ಮೊದಲು ಹತ್ತು ನಿಮಿಷ ಎಲ್ಲರೂ ನಿಂತು ಅಂದಿನ ಪಟ್ಟಿ ಓದಿ, ಯಾರ ಕೈ ನೋಯುತ್ತಿದೆ ಎಂದು ಕೇಳಿ ಸರದಿ ಬದಲಿಸಿಕೊಂಡರೆ ಅರ್ಧ ಗೊಣಗಾಟ ಅಲ್ಲೇ ಮುಗಿಯುತ್ತದೆ.

ಇನ್ನು ಟಿಪ್ಸ್. ಗಿರಾಕಿ ಖುಷಿಯಾಗಿ 500ರ ನೋಟನ್ನು ಕಣ್ಣೆದುರಿಗಿದ್ದ ಥೆರಪಿಸ್ಟ್ ಕೈಗಿಡುತ್ತಾರೆ. ಟವೆಲ್ ಒಗೆದ ಅಕ್ಕನಿಗೆ ಏನೂ ಇಲ್ಲ. ಎಲ್ಲವನ್ನೂ ಒಂದೇ ಡಬ್ಬಿಗೆ ಹಾಕಿ, ಶನಿವಾರ ಸಂಜೆ ಎಲ್ಲರೆದುರು ಎಣಿಸಿ ಹಂಚುವುದು ಹಳೆಯ ಉಪಾಯ. ಚೆನ್ನಾಗಿ ಕೆಲಸ ಮಾಡುವವರಿಗೆ ಅದರಿಂದ ಅಸಮಾಧಾನವಾಗುವುದೂ ಉಂಟು. ಆದರೂ ತಲೆಗಿಷ್ಟು ಎಂಬ ಕಮಿಷನ್‌ಗಿಂತ ಡಬ್ಬಿಯೇ ವಾಸಿ. ಕಮಿಷನ್ ಬಂದ ಕೂಡಲೇ 'ನನ್ನ ಗಿರಾಕಿ, ನಿನ್ನ ಗಿರಾಕಿ' ಶುರುವಾಗುತ್ತದೆ. ಹಿರಿಯ ಥೆರಪಿಸ್ಟ್ ತನ್ನ ಕೈಯ ಗುಟ್ಟನ್ನು ಕಿರಿಯರಿಗೆ ಹೇಳಿಕೊಡುವುದು ನಿಲ್ಲುತ್ತದೆ.

ಅಮೆರಿಕದ ಸಮಾಜಶಾಸ್ತ್ರಜ್ಞೆ ಆರ್ಲಿ ಹಾಕ್‌ಶೀಲ್ಡ್ 1983ರಲ್ಲಿ ವಿಮಾನದ ಗಗನಸಖಿಯರ ಕೆಲಸ ಕುರಿತು ಪುಸ್ತಕ ಬರೆದಾಗ, ನಗುಮುಖವೂ ದುಡಿಮೆಯೇ ಎಂದು ತೋರಿಸಿದರು. ಒಳಗೆ ಏನೇ ಇರಲಿ ಹೊರಗೆ ಶಾಂತವಾಗಿ ಕಾಣುವ ಆ ಶ್ರಮ ಮೈಮುಟ್ಟಿ ಉಪಚರಿಸುವವರಿಗೂ ತಪ್ಪಿದ್ದಲ್ಲ. ಎಂಟು ಗಂಟೆ ಮೆಲ್ಲಗೆ ಮಾತಾಡಿದವರು ಒಲೆಯ ಬಳಿ ರೇಗಿದರೆ ಆಶ್ಚರ್ಯವೇನಿಲ್ಲ. ಗಿರಾಕಿಗಳ ಕಣ್ಣಿಗೆ ಬೀಳದ, ಬಾಗಿಲು ಹಾಕಿಕೊಳ್ಳಬಹುದಾದ ಒಂದು ಮೂಲೆ ಅವರಿಗೆ ಬೇಕು.

ಸದ್ದಿಲ್ಲದ ಕೇಂದ್ರವೆಲ್ಲ ಸೌಹಾರ್ದದ ಕೇಂದ್ರ ಎಂದುಕೊಳ್ಳುವಂತೆಯೂ ಇಲ್ಲ. ಹಾರ್ವರ್ಡ್‌ನ ಏಮಿ ಎಡ್ಮಂಡ್‌ಸನ್ 1990ರ ದಶಕದಲ್ಲಿ ಆಸ್ಪತ್ರೆಗಳಲ್ಲಿ ಔಷಧ ಕೊಡುವಾಗ ಆಗುವ ತಪ್ಪುಗಳನ್ನು ಅಧ್ಯಯನ ಮಾಡಿದರು. ಹೊಂದಾಣಿಕೆಯಿರುವ ತಂಡಗಳ ಲೆಕ್ಕದಲ್ಲೇ ಹೆಚ್ಚು ತಪ್ಪುಗಳು ಕಂಡವು. ಆ ತಂಡಗಳ ಜನ ತಪ್ಪಾದರೆ ಬಾಯಿಬಿಟ್ಟು ಹೇಳುತ್ತಿದ್ದರು, ಉಳಿದವರು ಮುಚ್ಚಿಡುತ್ತಿದ್ದರು ಎಂಬುದು ಅವರಿಗೆ ಸಿಕ್ಕ ವಿವರಣೆ. ಬೆನ್ನ ಮೇಲೆ ಎದ್ದ ಗುಳ್ಳೆಯನ್ನು ಮೊದಲು ಕಾಣುವವರು ಥೆರಪಿಸ್ಟ್. 'ಡಾಕ್ಟ್ರೇ, ಈ ತೈಲ ಇವರಿಗೆ ಒಗ್ಗುತ್ತಿಲ್ಲ' ಎನ್ನುವುದಕ್ಕೆ ಅವರು ಹೆದರುವಂತಿದ್ದರೆ, ಅಲ್ಲಿರುವ ಮೌನ ಅಪಾಯದ್ದು.

ಗಿರಾಕಿಯೇ ಅಸಭ್ಯವಾಗಿ ನಡೆದುಕೊಂಡಾಗ ಮಾಲೀಕರ ನಿಜಬಣ್ಣ ಸಿಬ್ಬಂದಿಗೆ ಗೊತ್ತಾಗುತ್ತದೆ. 2013ರ ಕಾಯ್ದೆಯಂತೆ ಹತ್ತು ಅಥವಾ ಹೆಚ್ಚು ಮಂದಿ ಕೆಲಸ ಮಾಡುವಲ್ಲಿ ಲೈಂಗಿಕ ಕಿರುಕುಳದ ದೂರು ಕೇಳುವ ಆಂತರಿಕ ಸಮಿತಿ ಇರಲೇಬೇಕು. ಅದಕ್ಕಿಂತ ಕಡಿಮೆ ಇದ್ದರೆ ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡಬಹುದು. ಸಣ್ಣ ಕೇಂದ್ರಗಳ ಗೋಡೆಯ ಮೇಲೆ ದರಪಟ್ಟಿಯ ಪಕ್ಕ ಈ ಮಾಹಿತಿಯೂ ಇರಬೇಕು.

ಮತ್ತೆ ರಜೆಯ ಮಾತಿಗೇ ಬರೋಣ. ಕರ್ನಾಟಕದ ಕೇಂದ್ರಗಳಲ್ಲಿ ಕೇರಳದ ಥೆರಪಿಸ್ಟರು ಸಾಮಾನ್ಯ. ಕನ್ನಡದ ಹುಡುಗಿಯರ ಬಾಯಲ್ಲಿ ಹಿರಿಯಳು 'ಚೇಚಿ' ಆಗಿರುತ್ತಾಳೆ. ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ ಮಲಯಾಳಿಗಳಿಗೆ ಕರ್ಕಟಕ, ತುಳುವರಿಗೆ ಆಟಿ. ಮಳೆಗಾಲದ ಚಿಕಿತ್ಸೆಗೆ ಜನ ತುಂಬುವ ತಿಂಗಳು ಅದು. ಅದು ಮುಗಿದು ಎಲ್ಲರೂ ದಣಿದಿರುವಾಗಲೇ ಗೌರಿ ಗಣೇಶ, ಓಣಂ ಎರಡೂ ಬರುತ್ತವೆ, ಕೆಲವು ವರ್ಷ ತೀರ ಹತ್ತಿರ ಹತ್ತಿರ. 2024ರಲ್ಲಿ ಗಣೇಶ ಚತುರ್ಥಿ ಸೆಪ್ಟೆಂಬರ್ 7ಕ್ಕೆ, ತಿರುವೋಣಂ 15ಕ್ಕೆ. 2025ರಲ್ಲಿ ಚತುರ್ಥಿ ಆಗಸ್ಟ್ 27ಕ್ಕೆ, ತಿರುವೋಣಂ ಸೆಪ್ಟೆಂಬರ್ 5ಕ್ಕೆ. ಹಬ್ಬ ಬಂದಾಗ ನೋಡಿಕೊಳ್ಳೋಣ ಎಂದವರು ಆ ವಾರ ಒಂಟಿ ಥೆರಪಿಸ್ಟನ್ನು ಇಟ್ಟುಕೊಂಡು ಪರದಾಡುತ್ತಾರೆ. ಜಾಣರು ಯುಗಾದಿಗೇ ಕನ್ನಡದ ಕ್ಯಾಲೆಂಡರನ್ನೂ ಮಲಯಾಳದ ಕ್ಯಾಲೆಂಡರನ್ನೂ ಅಕ್ಕಪಕ್ಕ ತೂಗುಹಾಕಿ, ಎಣ್ಣೆಗೈ ಒರೆಸಿಕೊಂಡು ಬಂದ ಪ್ರತಿಯೊಬ್ಬರ ಕೈಗೂ ಪೆನ್ನು ಕೊಟ್ಟುಬಿಡುತ್ತಾರೆ.