ಏರ್‌ಗನ್ನಿಗೆ ಯಾವ ಎಣ್ಣೆ?

ಚಳ್ಳಕೆರೆ ಎಣ್ಣೆ ಗಿರಣಿಗಳ ಊರು. ಕಡಲೆಕಾಯಿ ಎಣ್ಣೆಗೆ ಬರವಿಲ್ಲ. ತೋಟದ ಮನೆಯ ಸ್ಪ್ರಿಂಗ್ ಏರ್‌ಗನ್ ಬಿಗಿಯಾದರೆ ಕೈ ಮೊದಲು ಅಡಿಗೆಮನೆಯ ಡಬ್ಬಿಗೇ ಹೋಗುತ್ತದೆ. ಇದು ಕೂಡದು. ಅಡಿಗೆ ಎಣ್ಣೆ ದಿನ ಕಳೆದಂತೆ ಅಂಟಾಗುತ್ತದೆ. ಮೊಳಕಾಲ್ಮೂರು ಸೀಮೆಯ ಧೂಳೂ ಸೇರಿದರೆ ಮರಳುಕಾಗದವೇ ಸರಿ.

ಪಂಪ್‌ಸೆಟ್ಟಿನ ಎಂಜಿನ್ ಎಣ್ಣೆ ಇನ್ನೂ ಅಪಾಯ. ಟ್ರಿಗರ್ ಒತ್ತಿದೊಡನೆ ಸ್ಪ್ರಿಂಗು ಪಿಸ್ಟನ್ನನ್ನು ದೂಡಿ, ಒಳಗಿನ ಗಾಳಿ ಕ್ಷಣಾರ್ಧದಲ್ಲಿ ಕುಗ್ಗಿ ನೂರಾರು ಡಿಗ್ರಿ ಕಾಯುತ್ತದೆ. ಅಲ್ಲಿ ಖನಿಜ ತೈಲದ ಆವಿ ಇದ್ದರೆ, ಡೀಸೆಲ್ ಎಂಜಿನ್ನಿನಲ್ಲಿ ಆಗುವಂತೆ, ಹತ್ತಿಕೊಳ್ಳುತ್ತದೆ. ಹೊಗೆ, ಢಂ ಎಂಬ ಸದ್ದು ಬಂದರೆ ‘ಕೋವಿಗೆ ಬಲ ಬಂತು’ ಎಂದು ಹಿಗ್ಗುವವರಿದ್ದಾರೆ! ಮುರಿಯುವುದು ಸ್ಪ್ರಿಂಗು, ಸುಡುವುದು ಸೀಲು.

ಪಿಸ್ಟನ್ನಿನ ಪಕ್ಕಗಳಿಗೂ ಸ್ಪ್ರಿಂಗಿಗೂ ಮಾಲಿಬ್ಡಿನಂ ಡೈಸಲ್ಫೈಡ್ ಗ್ರೀಸನ್ನು ತೆಳ್ಳಗೆ ಸವರಿದರೆ ಸಾಕು. ಅದು ಸೀಲಿನ ಮುಂದಕ್ಕೆ ಹೋಗಬಾರದು. ಸೀಲು ಕೀರಲುಗುಟ್ಟಿದರೆ ಮಾತ್ರ ಗಾಳಿಕಿಂಡಿಯಲ್ಲಿ ಒಂದೇ ಹನಿ ಸಿಲಿಕೋನ್ ಎಣ್ಣೆ ಬಿಡಿ. ಹಳೆಯ ಚರ್ಮದ ವಾಷರಾದರೆ ಒಣಗದಂತೆ ಎರಡು ಮೂರು ಹನಿ ಬೇಕಾದೀತು. ಆಮೇಲೆ ಖಾಲಿ ಕೋವಿಯನ್ನು ಮೂತಿ ಮೇಲಾಗಿ ಒಂದು ರಾತ್ರಿ ನಿಲ್ಲಿಸಿಡಿ. ಸಿಲಿಕೋನನ್ನು ಸ್ಪ್ರಿಂಗಿಗೆ ಹಚ್ಚಬೇಡಿ. ಉಕ್ಕು ಉಕ್ಕನ್ನು ಉಜ್ಜುವಲ್ಲಿ ಅದು ತಡೆಯದು. ಮಡಚುವ ಕೀಲಿಗೆ ಗ್ರೀಸು, ಹೊರಮೈಗೆ ಎಣ್ಣೆ ತಾಗಿದ ಬಟ್ಟೆ. ಸ್ಪ್ರಿಂಗನ್ನು ಕ್ಲಾಂಪಿಲ್ಲದೆ ಬಿಚ್ಚಿದರೆ ಮುಖಕ್ಕೇ ಹಾರೀತು, ಬಲ್ಲವರಿಗೆ ಒಪ್ಪಿಸಿ.

ಮಂಗಗಳನ್ನು ಬೆದರಿಸಲು ಗುಂಡಿಲ್ಲದೆ ಹಾರಿಸುವುದೂ ಕೇಡೇ. ಗಾಳಿಗೆ ತಡೆಯಿಲ್ಲದೆ ಪಿಸ್ಟನ್ ನೇರ ಗೋಡೆಗೆ ಬಡಿಯುತ್ತದೆ. ಗುಂಡು ಹಾಕಿ ಮಂಗಕ್ಕೆ ಹೊಡೆಯುವುದಂತೂ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಅಪರಾಧ. ಆ ಕೆಲಸಕ್ಕೆ ತಮಟೆಯೇ ವಾಸಿ.