ಆಟಿಕೆಯ ಆಯುಧ ಮತ್ತು ರೂಪಸಾಮ್ಯ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ತೆಂಗಿನ ತೋಟಗಳ ನಡುವಣ ಹಳ್ಳಿಗಳಲ್ಲಿ ಮೂಡಲಪಾಯ ಬಯಲಾಟವನ್ನು ನೋಡಿದವರಿಗೆ ಒಂದು ಸಂಗತಿ ವಿದಿತವಾಗಿರುವುದು. ಭೀಮನ ಕೈಯ ಗದೆ ಮರದ್ದು. ಅದರ ಮೇಲಿರುವುದು ಬಣ್ಣ, ಬೇಗಡೆ. ಯಾವ ಯುದ್ಧಕ್ಕೂ ಅದು ಒದಗದು. ಆದರೂ ಪ್ರೇಕ್ಷಕನಿಗೆ ಅದು ಗದೆಯೇ ಸರಿ. ಏಕೆಂದರೆ ಅವನು ಅದನ್ನು ಹೋಲಿಸುವುದು ಲೋಹದ ಗದೆಯೊಡನೆ ಅಲ್ಲ, ತನ್ನ ಮನಸ್ಸಿನಲ್ಲಿ ನೆಲೆಸಿರುವ ಚಿತ್ರದೊಡನೆ.

ವಿಡಿಯೋ ಆಟಗಳ ಪಾತ್ರದಂತೆ ವೇಷ ಧರಿಸುವ ಹವ್ಯಾಸಕ್ಕೂ ಇದೇ ನಿಯಮ ಅನ್ವಯಿಸುತ್ತದೆ. 2012ರಲ್ಲಿ ಬೆಂಗಳೂರಿಗೆ ಕಾಮಿಕ್ ಕಾನ್ ಮೇಳ ಬಂದ ಮೇಲೆ ಈ ಹವ್ಯಾಸ ನಮ್ಮ ಕಾಲೇಜು ವಿದ್ಯಾರ್ಥಿಗಳಿಗೂ ಪರಿಚಿತವಾಗಿದೆ. ಅಂಗಡಿಯ ಆಟಿಕೆಯನ್ನು ಆಟದೊಳಗಿನ ಆಯುಧದ ರೂಪಕ್ಕೆ ತರುವ ಕ್ರಮವನ್ನು ಒಂದೇ ನಿದರ್ಶನದಿಂದ ವಿವರಿಸುತ್ತೇವೆ.

ಸ್ವೀಡನ್ ದೇಶದ ಮೋಯಾಂಗ್ ಸಂಸ್ಥೆ 2011ರಲ್ಲಿ ಪೂರ್ಣರೂಪದಲ್ಲಿ ಹೊರತಂದ ಮೈನ್‌ಕ್ರಾಫ್ಟ್ ಎಂಬ ಆಟದಲ್ಲಿ ವಜ್ರದ ಕತ್ತಿಯೊಂದಿದೆ. ಅದರ ಮೂಲಚಿತ್ರ ಅಡ್ಡ 16, ಉದ್ದ 16 ಚೌಕಗಳ ಮನೆಯೊಳಗೆ ಅಡಕವಾಗಿದೆ. ಚುಕ್ಕಿಯಿಟ್ಟು ರಂಗೋಲಿ ಬಿಡಿಸುವವರಿಗೆ ಈ ಬಗೆಯ ಲೆಕ್ಕ ಹೊಸದಲ್ಲ. ಕತ್ತಿಯು ಈ ಮನೆಯಲ್ಲಿ ಮೂಲೆಯಿಂದ ಮೂಲೆಗೆ ಮಲಗಿದೆಯೆಂಬುದೇ ಇಲ್ಲಿ ಮುಖ್ಯ. ಒಂದು ಚೌಕಕ್ಕೆ 3 ಸೆಂಟಿಮೀಟರಿನಂತೆ ಹಿಡಿದರೆ ಮನೆಯ ಬದಿ 48 ಸೆಂಟಿಮೀಟರು, ಕರ್ಣ ಸುಮಾರು 68. ಕತ್ತಿಯ ಉದ್ದವನ್ನು ಈ ಕರ್ಣದಿಂದ ಅಳೆಯಬೇಕೇ ಹೊರತು ಬದಿಯಿಂದಲ್ಲ. ಅಲಗಿನ ಅಂಚಿನ ಮೆಟ್ಟಿಲುಗಳೂ ಅಷ್ಟೆ. ಅಲಗಿನ ಉದ್ದಕ್ಕೆ ಸಮಾನಾಂತರವಾಗಿ ಅವನ್ನು ಕತ್ತರಿಸುವುದು ಸುಲಭ; ಆದರೆ ಹಾಗೆ ಮಾಡಿದ ಕತ್ತಿ ಎಷ್ಟೇ ಅಚ್ಚುಕಟ್ಟಾಗಿದ್ದರೂ ಬೇರೆಯದಾಗಿಯೇ ಕಾಣುತ್ತದೆ. ಪ್ರತಿ ಹಲ್ಲೂ ಅಲಗಿಗೆ 45 ಅಂಶಗಳ ಕೋನದಲ್ಲಿ ಓರೆಯಾಗಿ ನಿಲ್ಲಬೇಕು. ಹಲ್ಲಿನ ಎರಡು ಬದಿಗಳೂ 3 ಸೆಂಟಿಮೀಟರು. ಬುಡದ ಅಗಲ 4.2, ಎತ್ತರ 2.1 ಆಗುವುದು. ಆಟದಲ್ಲಿ ಕೈಗೆ ಬಂದಾಗ ಕತ್ತಿಯ ದಪ್ಪ ಒಂದು ಚೌಕದಷ್ಟೇ. ಆದುದರಿಂದ ಇಲ್ಲಿಯೂ 3 ಸೆಂಟಿಮೀಟರು.

ಆಟಿಕೆಯ ಕತ್ತಿಯನ್ನು ಎಸೆಯಬೇಕಾಗಿಲ್ಲ. ಅದರ ಅಲಗು ಎರಡು ಫೋಮ್ ಹಾಳೆಗಳ ನಡುವೆ ಬೆನ್ನೆಲುಬಾಗಿ ನಿಲ್ಲುತ್ತದೆ. ತೆಂಗಿನ ಸೀಮೆಯ ಹುಡುಗರು ಕ್ರಿಕೆಟ್ ಬ್ಯಾಟು ಮಾಡಿಕೊಳ್ಳುವ ಹೆಡೆಮಟ್ಟೆಯೂ ಬೆನ್ನೆಲುಬಿಗೆ ಸಲ್ಲುವುದು. ಆದರೆ ಅದು ಪೂರ್ಣವಾಗಿ ಒಣಗಿರಬೇಕು; ಹಸಿಯದು ಒಣಗುವಾಗ ಸೊಟ್ಟಗಾಗುತ್ತದೆ. ಹಲ್ಲುಗಳನ್ನು ಮಾತ್ರ ಮಟ್ಟೆಯಲ್ಲಿ ಕೆತ್ತಬಾರದು. ಮಟ್ಟೆಯ ನಾರು ಉದ್ದಕ್ಕೆ ಹರಿದಿರುವುದರಿಂದ ಓರೆಯಾಗಿ ಕೊಯ್ದ ಚಿಕ್ಕ ಹಲ್ಲು ನಾರಿನ ಗುಂಟ ಸೀಳಿ ಉದುರುವುದು. ಥರ್ಮಾಕೋಲನ್ನು ಬಳಸುವವರು ನೀರಿನಲ್ಲಿ ಕಲಸುವ ಬಣ್ಣವನ್ನೇ ಹಚ್ಚಬೇಕು; ಥಿನ್ನರ್ ಬೆರೆತ ಬಣ್ಣ ಅದನ್ನು ಕರಗಿಸಿಬಿಡುತ್ತದೆ. ಬಣ್ಣವನ್ನು ಚೌಕಚೌಕವಾಗಿ ತುಂಬುವುದು ಯುಕ್ತ. ಅಂಚಿಗೆ ಗಾಢವಾದ, ಒಳಗೆ ತಿಳಿಯಾದ ನೀಲಿಹಸಿರು, ಹಿಡಿಗೆ ಕಂದು. ಒಂದು ಬಣ್ಣ ಇನ್ನೊಂದರೊಳಗೆ ಕರಗುವಂತೆ ತೀಡಿದರೆ ನಿಜವಾದ ಲೋಹದ ಹೊಳಪು ಬಂದೀತು, ಆಟದ ಕತ್ತಿ ಮಾಯವಾದೀತು.

ಈ ಕತ್ತಿಯು ಮೂಲಚಿತ್ರಕ್ಕೆ ಸಮೀಪವಾದಷ್ಟೂ ನಿಜವಾದ ಆಯುಧದಿಂದ ದೂರ ಸರಿಯುವುದು. ಬಂದೂಕಿನ ವಿಷಯದಲ್ಲಿ ಹೀಗಿಲ್ಲ. ಅನೇಕ ಯುದ್ಧದಾಟಗಳ ಬಂದೂಕುಗಳು ನಿಜವಾದವುಗಳ ಪ್ರತಿರೂಪ. ಅಲ್ಲಿ ಸಾಮ್ಯ ಬೆಳೆದಂತೆ ಅಪಾಯವೂ ಬೆಳೆಯುತ್ತದೆ. ಆಟಿಕೆಯ ಬಂದೂಕಿನ ತುದಿಗೆ ಕಿತ್ತಳೆ ಬಣ್ಣದ ಗುರುತಿರಬೇಕೆಂದು ಅಮೆರಿಕದಲ್ಲಿ 1988ರಲ್ಲಿಯೇ ಕಾನೂನಾಯಿತು. 2014ರ ನವೆಂಬರಿನಲ್ಲಿ ಕ್ಲೀವ್‌ಲ್ಯಾಂಡ್ ನಗರದ 12 ವರ್ಷದ ಬಾಲಕನೊಬ್ಬನನ್ನು ಪೊಲೀಸನೊಬ್ಬ ಗುಂಡಿಟ್ಟು ಕೊಂದಾಗ, ಬಾಲಕನ ಬಳಿಯಿದ್ದುದು ಆ ಕಿತ್ತಳೆ ತುದಿ ಕಳಚಿದ್ದ ಆಟಿಕೆ. ಆದುದರಿಂದ ಬಂದೂಕಿನ ಆಟಿಕೆಯಲ್ಲಿ ಸಾಮ್ಯವನ್ನು ಅಪೂರ್ಣವಾಗಿಯೇ ಬಿಡಬೇಕೆಂಬುದು ನಮ್ಮ ಅಭಿಪ್ರಾಯ. ಮೈಯ ಬಣ್ಣ ಬದಲಾಗಲಿ, ತುದಿಯ ಬಣ್ಣ ಉಳಿಯಲಿ.

ನಮ್ಮ ದೇಶದ 1959ರ ಆಯುಧಗಳ ಅಧಿನಿಯಮವು ಲಾಠಿ, ಊರುಗೋಲುಗಳ ಜೊತೆಗೆ, ಆಟಿಕೆಯಾಗಿಯಲ್ಲದೆ ಬೇರೆ ರೀತಿ ಬಳಸಲಾಗದ ಆಯುಧಗಳನ್ನೂ ತನ್ನ ವ್ಯಾಖ್ಯೆಯಿಂದ ಹೊರಗಿಟ್ಟಿದೆ. ಆದರೆ ಅಂಥದ್ದನ್ನು ಕೆಲಸಕ್ಕೆ ಬರುವ ಆಯುಧವಾಗಿ ಮಾರ್ಪಡಿಸಲು ಸಾಧ್ಯವಿರಬಾರದು ಎಂಬ ಮಾತೂ ಅಲ್ಲಿಯೇ ಇದೆ. ಬೆನ್ನೆಲುಬಿಗೆ ಕಬ್ಬಿಣದ ಪಟ್ಟಿಯನ್ನು ಸೇರಿಸಿ ಗಟ್ಟಿಮಾಡಬೇಕೆಂದು ಬಯಸುವ ವಿದ್ಯಾರ್ಥಿಗೆ ಅಧ್ಯಾಪಕರು ಈ ವಾಕ್ಯವನ್ನು ತೋರಿಸಬಹುದು.